ಬಾರದೆ ಹೋದ ಬೇನೆಯ ಚಿತ್ರ

ಮೂವರು ಹೆಂಗಸರಿರುವ ತೈಲಚಿತ್ರ ಅದು. ಕಾಲ ಸುಮಾರು 1805, ಸ್ಥಳ ಮೈಸೂರು, ಬರೆದವನು ಡಬ್ಲಿನ್‌ನಲ್ಲಿ ಹುಟ್ಟಿ ಮದರಾಸಿನಲ್ಲಿ ಮಣ್ಣಾದ ಥಾಮಸ್ ಹಿಕಿ. ಮೂವರ ಮೈಮೇಲೂ ಒಡವೆಗಳ ಹೇರು. ಮೊದಲ ನೋಟಕ್ಕೆ ಕಣ್ಣು ಹೋಗುವುದು ಆ ಚಿನ್ನದ ಕಡೆಗೇ. ಬಲತುದಿಯಲ್ಲಿರುವ ಎಳೆಯಳ ಕೈ ಕಾಣಿಸುವುದು ಆಮೇಲೆ. ಸೀರೆಯ ಮರೆಯಲ್ಲಿರಬೇಕಾಗಿದ್ದ ಎಡತೋಳನ್ನು ಆಕೆ ಹೊರಗೆ ಬಿಟ್ಟಿದ್ದಾಳೆ. ಇನ್ನೊಂದು ಕೈಯ ಬೆರಳು ಆ ತೋಳಿನ ಕಡೆಗೇ ತೋರುತ್ತಿದೆ. ಅದರಲ್ಲಿ ಬಿನ್ನಾಣವಿಲ್ಲ. ಇಲ್ಲಿ ನೋಡಿ, ಹೀಗೆ ಆಯಿತು, ನನಗೇನೂ ಆಗಲಿಲ್ಲ ಎಂದು ನೆರೆದವರಿಗೆ ಹೇಳುವ ಭಂಗಿ.

ಬಹುಕಾಲ ಈ ಮೂವರನ್ನು ಆಸ್ಥಾನದ ನರ್ತಕಿಯರೆಂದೋ ಗಣಿಕೆಯರೆಂದೋ ಕರೆಯುತ್ತಿದ್ದರು. ಮೈತುಂಬ ಒಡವೆ ತೊಟ್ಟ ಭಾರತದ ಹೆಣ್ಣು ಬಿಳಿಯ ಚಿತ್ರಕಾರನ ಮುಂದೆ ಬಂದಳೆಂದರೆ ಇನ್ನಾರಿರಲು ಸಾಧ್ಯ ಎಂಬ ಸೋಮಾರಿ ತರ್ಕ. 1991ರಲ್ಲಿ ಪ್ರದರ್ಶನವೊಂದರಲ್ಲಿ ಇದನ್ನು ಕಂಡ ಕೇಂಬ್ರಿಡ್ಜಿನ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರಿಗೆ ಆ ಹಣೆಪಟ್ಟಿ ಒಗ್ಗಲಿಲ್ಲ. ಹತ್ತು ವರ್ಷಗಳ ಬಳಿಕ, 2001ರಲ್ಲಿ, ಅವರು ಇದರ ಬಗ್ಗೆ ಒಂದು ಪ್ರಬಂಧ ಬರೆದರು. ಇವರು ಒಡೆಯರ ಅಂತಃಪುರದವರು ಎನ್ನುವುದು ಚಾನ್ಸಲರ್ ಅವರ ವಾದ. ನಡುವೆ ಇರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಅಜ್ಜಿ ಲಕ್ಷ್ಮಮ್ಮಣ್ಣಿ. ಇಕ್ಕೆಲದಲ್ಲಿ ಮುಮ್ಮಡಿಯವರ ಹಿರಿಯ ಮತ್ತು ಕಿರಿಯ ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ. ಕಿರಿಯಾಕೆ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು. ಈ ವಾದಕ್ಕೆ ಕಾಗದದ ಆಧಾರವೂ ಇದೆ. 1806ರ ಜುಲೈ ತಿಂಗಳ ದಾಖಲೆಯೊಂದು, ಕಿರಿಯ ರಾಣಿ ಲಸಿಕೆ ಹಾಕಿಸಿಕೊಂಡದ್ದು ಜನರ ಮೇಲೆ ಒಳ್ಳೆಯ ಪರಿಣಾಮ ಬೀರಿತು, ಹಲವರು ಮುಂದೆ ಬಂದರು ಎಂದು ಹೇಳುತ್ತದೆ. ಆಕೆ ಅರಮನೆಗೆ ಬಂದದ್ದು 1805ರಲ್ಲಿ. ಆಗ ಆಕೆಗೆ ಹನ್ನೆರಡು ವರ್ಷ.

ಹತ್ತೊಂಬತ್ತನೆಯ ಶತಮಾನದ ವೈದ್ಯಕೀಯ ಚಿತ್ರಗಳೆಂದರೆ ನಮಗೆ ನೆನಪಾಗುವುದು ಬೇರೆಯೇ ಬಗೆಯವು. 1875ರಲ್ಲಿ ಥಾಮಸ್ ಈಕಿನ್ಸ್ ಬರೆದ ಡಾಕ್ಟರ್ ಗ್ರಾಸ್ ಚಿತ್ರದಲ್ಲಿ ಶಸ್ತ್ರವೈದ್ಯನ ಬೆರಳಿಗೆ ರಕ್ತ ಮೆತ್ತಿಕೊಂಡಿದೆ, ಪಕ್ಕದಲ್ಲಿ ಒಬ್ಬ ಹೆಂಗಸು ಮುಖ ಮುಚ್ಚಿಕೊಂಡು ಬೆರಳುಗಳನ್ನು ಸೆಟೆಸಿ ಕೂತಿದ್ದಾಳೆ. 1891ರ ಲ್ಯೂಕ್ ಫಿಲ್ಡ್ಸ್ ಚಿತ್ರದಲ್ಲಿ ವೈದ್ಯ ಗಡ್ಡಕ್ಕೆ ಕೈಯಾನಿಸಿ ಕಾಯಿಲೆಯ ಮಗುವನ್ನೇ ನೋಡುತ್ತಾ ಕುಳಿತಿದ್ದಾನೆ. ಎರಡರಲ್ಲೂ ಬೆಳಕು ಬೀಳುವುದು ವೈದ್ಯನ ಮೇಲೆ. ಮೈಸೂರಿನ ಚಿತ್ರದಲ್ಲಿ ವೈದ್ಯನೇ ಇಲ್ಲ. ಚೂರಿಯಿಲ್ಲ, ಬಟ್ಟಲಿಲ್ಲ, ನರಳಾಟವಿಲ್ಲ. ರೋಗಿಯೂ ಇಲ್ಲ. ಬರಬಹುದಾಗಿದ್ದ ಬೇನೆಯೊಂದು ಬಾರದಿರಲಿ ಎಂದು ಏರ್ಪಾಡು ಮಾಡಿಕೊಂಡ ಹುಡುಗಿ ಇದ್ದಾಳೆ, ಅಷ್ಟೇ. ಬಾರದ ಬೇನೆಯನ್ನು ಚಿತ್ರಿಸುವುದು ಎಷ್ಟು ಕಷ್ಟ ಎಂಬುದು ಅದೇ ಕಾಲದ ಕವಿಗಳನ್ನೂ ಕಾದಂಬರಿಕಾರರನ್ನೂ ನೋಡಿದರೆ ತಿಳಿಯುತ್ತದೆ. ಈ ಬರಹ ಹುಟ್ಟಿದ್ದು ಆ ಕುತೂಹಲದಿಂದ.

ಸಿಡುಬಿನ ಹೆದರಿಕೆ ಈಗ ನಮಗೆ ಕೇಳಿ ತಿಳಿದದ್ದು ಮಾತ್ರ. ಅದರ ಉಗ್ರ ಬಗೆಯಲ್ಲಿ ಬೇನೆ ಬಿದ್ದ ಹತ್ತು ಮಂದಿಯಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಬದುಕಿದವರ ಮುಖದ ಮೇಲೆ ಗುಳಿಗಳು ಉಳಿಯುತ್ತಿದ್ದವು, ಹಲವರ ಕಣ್ಣು ಹೋಗುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು, ಮಾರಮ್ಮನಿಗೆ ತಂಪು ಮಾಡುತ್ತಿದ್ದರು. ಇದನ್ನು ಮೂಢನಂಬಿಕೆ ಎಂದು ಮೂಗು ಮುರಿಯುವ ಮೊದಲು ಒಂದು ಮಾತು: ಅಂದಿನ ಯಾವ ದೇಶದ ಯಾವ ವೈದ್ಯನ ಕೈಯಲ್ಲೂ ಇದಕ್ಕಿಂತ ಹೆಚ್ಚಿನ ಔಷಧಿಯಿರಲಿಲ್ಲ. ಇದ್ದದ್ದು ಒಂದೇ ಉಪಾಯ. ಸೌಮ್ಯವಾಗಿ ಸಿಡುಬು ಎದ್ದವರ ಹಕ್ಕಳೆಯ ಪುಡಿಯನ್ನೋ ಕೀವನ್ನೋ ಆರೋಗ್ಯವಂತರ ಚರ್ಮದೊಳಗೆ ಇಡುವುದು ಅಥವಾ ಮೂಗಿಗೆ ಊದುವುದು. ಚೀನಾದಲ್ಲಿ, ಬಂಗಾಳದಲ್ಲಿ, ತುರ್ಕಿಯಲ್ಲಿ ಇದು ಹಳೆಯ ವಿದ್ಯೆ. ನೂರರಲ್ಲಿ ಒಬ್ಬಿಬ್ಬರು ಇದರಿಂದಲೇ ಸಾಯುತ್ತಿದ್ದರು, ಜೊತೆಗೆ ಹಾಗೆ ಸಿಡುಬು ತರಿಸಿಕೊಂಡವರಿಂದ ಊರಿಗೂ ಅಂಟುತ್ತಿತ್ತು. ಆದರೂ ಜನ ಲೆಕ್ಕ ಹಾಕಿ ಒಪ್ಪಿಕೊಂಡಿದ್ದರು.

ಎಡ್ವರ್ಡ್ ಜೆನ್ನರ್ ಸ್ವತಃ ಬಾಲ್ಯದಲ್ಲಿ ಈ ಹಳೆಯ ಬಗೆಯ ಚುಚ್ಚುಗೆ ತುತ್ತಾದವನು. ಹಸುವಿನ ಸಿಡುಬು ತಗಲಿದ ಹಾಲು ಕರೆಯುವ ಹುಡುಗಿಯರಿಗೆ ಮನುಷ್ಯರ ಸಿಡುಬು ಬರುವುದಿಲ್ಲ ಎಂಬ ಗ್ಲಾಸ್ಟರ್‌ಶೈರಿನ ಹಳ್ಳಿ ಮಾತನ್ನು ಅವನು ಪರೀಕ್ಷೆಗೆ ಇಟ್ಟ. 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬಾಕೆಯ ಕೈಯ ಗುಳ್ಳೆಯಿಂದ ತೆಗೆದ ರಸವನ್ನು ತೋಟಗಾರನ ಮಗ, ಎಂಟು ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿಗೆ ಹಾಕಿದ. 1798ರಲ್ಲಿ ಹೊರಬಂದ ಅವನ ಪುಸ್ತಕದಲ್ಲಿ ಬಣ್ಣದ ಚಿತ್ರಫಲಕಗಳಿವೆ. ಅವುಗಳಲ್ಲಿ ಹೆಸರಾದದ್ದು ಸಾರಾಳ ಕೈ. ಮುಳ್ಳು ಗೀರಿದ್ದ ಜಾಗದಲ್ಲೇ ಎದ್ದ ದೊಡ್ಡ ಗುಳ್ಳೆ, ಅದರ ಸುತ್ತ ಕೆಂಪು, ಮಣಿಕಟ್ಟಿನ ಬಳಿ ಇನ್ನೊಂದು. ಆಕೆಯ ಮುಖ ಚಿತ್ರದಲ್ಲಿಲ್ಲ. ವಿಜ್ಞಾನಕ್ಕೆ ಬೇಕಾದದ್ದು ಕೈ, ಕೈಯನ್ನೇ ಬರೆಸಿದರು. ಹಾಗಾಗಿ ಲಸಿಕೆಯ ಚಿತ್ರಕಲೆ ಶುರುವಾದದ್ದೇ ಒಬ್ಬ ಹಳ್ಳಿ ಹುಡುಗಿಯ ಕೈಯಿಂದ, ರಾಣಿಯ ತೋಳಿಗಿಂತ ಏಳು ವರ್ಷ ಮೊದಲು.

ಇವೆರಡರ ನಡುವೆ ಇನ್ನೊಂದು ಚಿತ್ರವಿದೆ. 1802ರ ಜೂನ್ 12ರಂದು ಲಂಡನ್ನಿನ ಅಂಗಡಿಗೆ ಬಂದ ಜೇಮ್ಸ್ ಗಿಲ್‌ರೇಯ ವ್ಯಂಗ್ಯಚಿತ್ರ. ನಡುವೆ ಕುರ್ಚಿಯಲ್ಲಿ ಗಾಬರಿಯ ಕಣ್ಣಿನ ಹೆಂಗಸು, ಆಕೆಯ ತೋಳು ಹಿಡಿದು ಗೀರುತ್ತಿರುವ ಜೆನ್ನರ್. ಪಕ್ಕದಲ್ಲಿ ಧರ್ಮಶಾಲೆಯ ಹುಡುಗನೊಬ್ಬ ಹಸುವಿನಿಂದ ಆಗಷ್ಟೇ ಇಳಿಸಿದ ರಸದ ತೊಟ್ಟಿ ಹಿಡಿದಿದ್ದಾನೆ. ಸುತ್ತ ಲಸಿಕೆ ಹಾಕಿಸಿಕೊಂಡವರ ಗುಂಪು. ಒಬ್ಬನ ತೋಳು ಸೀಳಿ ಹಸುವಿನ ಮೂತಿ ಹೊರಬರುತ್ತಿದೆ, ಇನ್ನೊಬ್ಬನ ಹಣೆಯಲ್ಲಿ ಕೊಂಬು ಮೊಳೆಯುತ್ತಿದೆ, ಒಬ್ಬಾಕೆಯ ಬಾಯಿಂದಲೂ ಲಂಗದ ಅಡಿಯಿಂದಲೂ ಕರುಗಳು ಇಳಿಯುತ್ತಿವೆ. ಹಿಂದಿನ ಗೋಡೆಯ ಮೇಲೆ ಬಂಗಾರದ ಕರುವಿಗೆ ಅಡ್ಡಬಿದ್ದವರ ಪಟ. ಗಿಲ್‌ರೇ ನಗುತ್ತಿದ್ದದ್ದು ಲಸಿಕೆಯನ್ನೋ, ಲಸಿಕೆಗೆ ಹೆದರುವವರನ್ನೋ? ಎರಡನ್ನೂ ಎಂದೇ ನನ್ನ ಊಹೆ. ಆದರೆ ನಿಜವಾಗಿ ಹೆದರಿದವರೂ ಇದ್ದರು. ಬೆಂಜಮಿನ್ ಮೋಸ್ಲಿ ಎಂಬ ವೈದ್ಯ, ಮೃಗದ ರಸ ಮನುಷ್ಯರ ಮೈ ಸೇರಿದರೆ ಏನೇನು ಅನಾಹುತವಾದೀತೋ ಎಂದು ಬರೆದ. 1805ರಲ್ಲಿ ವಿಲಿಯಂ ರೌಲಿ ಎಂಬ ಇನ್ನೊಬ್ಬ ವೈದ್ಯ ಲಸಿಕೆಯಿಂದ ಎತ್ತಿನ ಮುಖ ಬಂದಿದೆಯೆಂದು ಹೇಳಲಾದ ಹುಡುಗನ ಚಿತ್ರವನ್ನೇ ಅಚ್ಚು ಹಾಕಿಸಿದ. ಮೈಸೂರಿನ ರಾಣಿ ತೋಳು ಕೊಟ್ಟ ವರ್ಷವೇ ಅದು. ಹಸುವಿಗೆ ಕೈಮುಗಿಯುವ ದೇಶದಲ್ಲಿ ಹನ್ನೆರಡರ ಬಾಲೆ ಸುಮ್ಮನೆ ತೋಳು ಚಾಚಿದ್ದಾಳೆ; ಹಸುವನ್ನು ಕೊಯ್ದು ತಿನ್ನುವ ದೇಶದ ಪಂಡಿತರು ಕೊಂಬು ಬಂದೀತೆಂದು ಕಂಗಾಲಾಗಿದ್ದಾರೆ. ನಾಗರಿಕತೆಯ ಪಾಠ ಹೇಳಿಕೊಡಲು ಬಂದವರು ಯಾರು ಎಂದು ಸ್ವಲ್ಪ ಗೊಂದಲವಾಗುತ್ತದೆ.

ಕಂಪನಿಯ ಅಧಿಕಾರಿಗಳೂ ಹೀಗೇ ಲೆಕ್ಕ ಹಾಕಿದ್ದರು. ಹಸುವಿನಿಂದ ಬಂದ ವರ ಎಂದರೆ ಹಿಂದೂಗಳು ಓಡಿಬಂದು ಒಪ್ಪಿಕೊಳ್ಳುತ್ತಾರೆ ಎಂದುಕೊಂಡಿದ್ದರು. ಹಾಗಾಗಲಿಲ್ಲ. ತೊಡಕು ಹಸುವಿನದಾಗಿರಲಿಲ್ಲ, ಮನುಷ್ಯರದಾಗಿತ್ತು. ಯಾಕೆಂದರೆ ಲಸಿಕೆ ಹಸುವಿನ ಕೆಚ್ಚಲಿನಿಂದ ನೇರವಾಗಿ ಬರುತ್ತಿರಲಿಲ್ಲ, ತೋಳಿನಿಂದ ತೋಳಿಗೆ ಬರುತ್ತಿತ್ತು. ಒಬ್ಬ ಮಗುವಿಗೆ ಹಾಕಿದರೆ ಏಳೆಂಟು ದಿನಕ್ಕೆ ಗುಳ್ಳೆ ಎದ್ದು ತಿಳಿರಸ ತುಂಬುತ್ತದೆ. ಆ ರಸವನ್ನು ಸೂಜಿಮೊನೆಯಲ್ಲಿ ತೆಗೆದು ಮುಂದಿನ ಮಗುವಿಗೆ ಹಾಕಬೇಕು. ಸರಪಳಿ ಎಲ್ಲಾದರೂ ಕಡಿದರೆ ಮತ್ತೆ ಮೊದಲಿನಿಂದ. ನೂಲಿಗೆ ಮೆತ್ತಿ ಒಣಗಿಸಿ ಹಡಗಿನಲ್ಲಿ ಕಳುಹಿಸಿದ ರಸ ಬಿಸಿಲಿನಲ್ಲಿ ಸತ್ತುಹೋಗುತ್ತಿತ್ತು. ಸ್ಪೇನ್ 1803ರಲ್ಲಿ ಅಮೆರಿಕದ ವಸಾಹತುಗಳಿಗೆ ಲಸಿಕೆ ಒಯ್ಯಲು 22 ಮಂದಿ ಅನಾಥ ಹುಡುಗರನ್ನೇ ಹಡಗಿಗೆ ಹತ್ತಿಸಿತು. ಕಡಲು ದಾಟುವಷ್ಟು ದಿನವೂ ಸರದಿಯ ಪ್ರಕಾರ ಒಬ್ಬೊಬ್ಬರ ತೋಳಿನಲ್ಲಿ ಅದು ಬದುಕಿತ್ತು. ಭಾರತಕ್ಕೆ ಬಂದದ್ದು ಇನ್ನೊಂದು ದಾರಿಯಲ್ಲಿ. ವಿಯೆನ್ನಾದ ವೈದ್ಯ ಜ್ಯಾನ್ ದ ಕಾರೋ ರಸದಲ್ಲಿ ನೆನೆಸಿದ ಬಟ್ಟೆಯ ನಾರನ್ನು ಎರಡು ಗಾಜಿನ ಬಿಲ್ಲೆಗಳ ನಡುವೆ ಇಟ್ಟು, ಮೇಣದಲ್ಲಿ ಅದ್ದಿ ಕಳುಹಿಸಿದ. ಬಾಗ್ದಾದಿಗೆ ಮುಟ್ಟಿದಾಗಲೂ ಅದು ಹಸಿಯಾಗಿಯೇ ಇತ್ತು. ಅಲ್ಲಿಂದ ಬಸ್ರಾ, ಬಸ್ರಾದಿಂದ ಬೊಂಬಾಯಿ. 1802ರ ಜೂನ್ 14ರಂದು, ಅಂದರೆ ಗಿಲ್‌ರೇಯ ಚಿತ್ರ ಲಂಡನ್ನಿನಲ್ಲಿ ಮಾರಾಟಕ್ಕೆ ಬಂದ ಎರಡೇ ದಿನಕ್ಕೆ, ಬೊಂಬಾಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿನ ತೋಳಿನಲ್ಲಿ ಲಸಿಕೆ ಹತ್ತಿತು. ಮರುವಾರ ಅವಳ ತೋಳಿನಿಂದ ಐವರು ಮಕ್ಕಳಿಗೆ, ಆಮೇಲೆ ಹೈದರಾಬಾದು, ಮದರಾಸು, ಕಲಕತ್ತೆ, ಮೈಸೂರು.

ಆನಾ ಬಗ್ಗೆ ವೈದ್ಯ ಬರೆದಿಟ್ಟದ್ದು, ಮಗು ಬಹಳ ಸೌಮ್ಯ ಸ್ವಭಾವದ್ದು ಎಂಬಷ್ಟು ಮಾತ್ರ. ಅಳಲಿಲ್ಲ ಎಂದಿರಬೇಕು. ಒಂದು ಉಪಖಂಡದ ಲಸಿಕೆಗೆಲ್ಲ ಮೂಲವಾದವಳಿಗೆ ಸಿಕ್ಕ ಪ್ರಶಸ್ತಿ ಅದು.

ಈಗ ಜಾತಿಯ ಪ್ರಶ್ನೆ ಎದುರಿಗೇ ಬಂದು ನಿಲ್ಲುತ್ತದೆ. ಯಾರ ಮೈಯ ರಸ ಯಾರ ಮೈಗೆ? ಸರಪಳಿಗೆ ಸಿಗುತ್ತಿದ್ದ ಮಕ್ಕಳು ಹೆಚ್ಚಾಗಿ ಬಡವರ ಮಕ್ಕಳು, ದಂಡಿನ ಮಕ್ಕಳು, ಯುರೋಪಿಯನ್ನರಿಗೂ ಇಲ್ಲಿಯ ಹೆಂಗಸರಿಗೂ ಹುಟ್ಟಿದವರು, ಊರಾಚೆಯ ಕೇರಿಯವರು. ಮಡಿಯ ಮನೆಗಳು ಬಾಗಿಲು ಹಾಕಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಇಂಥ ಹೊತ್ತಿನಲ್ಲಿ ಒಡೆಯರ ಮನೆಯ ಸೊಸೆ ತೋಳು ಕೊಟ್ಟಳು. ಅವಳ ಚರ್ಮದಡಿ ಸೇರಿದ ರಸಕ್ಕೆ ಬೊಂಬಾಯಿಯ ಆ ಮೂರು ವರ್ಷದ ಮಗುವೇ ಮೂಲ. ನಡುವೆ ಹೆಸರಿಲ್ಲದ ಎಷ್ಟೋ ತೋಳುಗಳು. ಹಿಕಿಯ ಚಿತ್ರವನ್ನು ಹೀಗೆ ನೋಡಿದಾಗ ಒಡವೆಗಳ ಅರ್ಥವೂ ಬದಲಾಗುತ್ತದೆ. ಇಷ್ಟು ದೊಡ್ಡ ಮನೆತನದ ತೋಳಿಗೆ ಮೈಲಿಗೆಯಾಗದಿದ್ದರೆ ನಿನ್ನ ತೋಳಿಗೇನು ಎಂಬ ವಾದದ ಬಲ ನಿಂತಿರುವುದೇ ಆ ಚಿನ್ನದ ಮೇಲೆ.

ರಾಜಕಾರಣ ಇದರಲ್ಲಿ ಇಲ್ಲದಿರಲಿಲ್ಲ. 1799ರ ಮೇ 4ರಂದು ಟಿಪ್ಪು ಬಿದ್ದ. ಜೂನ್ 30ರಂದು ಐದು ತುಂಬದ ಹುಡುಗನನ್ನು ಗದ್ದುಗೆಯ ಮೇಲೆ ಕೂರಿಸಿದವರು ಇಂಗ್ಲಿಷರು. ಆಡಳಿತ ನಡೆಸುತ್ತಿದ್ದವರು ದಿವಾನ್ ಪೂರ್ಣಯ್ಯ, ಮೇಲ್ವಿಚಾರಣೆಗೆ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್. ದಶಕಗಟ್ಟಲೆ ಮೂಲೆಗುಂಪಾಗಿದ್ದ ಮನೆತನವನ್ನು ಮರಳಿ ತರಲು ಇಂಗ್ಲಿಷರೊಂದಿಗೆ ಬಹುಕಾಲ ಗುಟ್ಟಾಗಿ ಪತ್ರ ನಡೆಸಿದ್ದವರು ಅಜ್ಜಿ ಲಕ್ಷ್ಮಮ್ಮಣ್ಣಿ. ಹೀಗಿರುವಾಗ ಅವರ ಲಸಿಕೆಗೆ ತೋಳು ಕೊಡುವುದು ಕೃತಜ್ಞತೆಯೂ ಹೌದು, ಚಾಣಾಕ್ಷತನವೂ ಹೌದು. ಹುಡುಗಿಯನ್ನು ಯಾರೂ ಕೇಳಿರಲಾರರು. ಅವಳ ಮದುವೆಯನ್ನೂ ಅವಳನ್ನು ಕೇಳಿ ಮಾಡಿರಲಿಲ್ಲವಲ್ಲ. ಆದರೆ ಚಿತ್ರದ ಸಾಕ್ಷಿಯೇ ಬೇರೆ. ಆ ಬೆರಳಿನಲ್ಲಿ ಅಳುಕಿಲ್ಲ. ಇದು ಹಿಕಿಯ ಕೈಚಳಕವೋ ಅವಳದೇ ಗುಣವೋ, ನಾನಂತೂ ಅವಳದೆಂದೇ ನಂಬಿದ್ದೇನೆ.

ಹಿಕಿಯೇನೂ ಮಹಾ ಕಲಾವಿದನಲ್ಲ. 1792ರಲ್ಲಿ ಮೆಕಾರ್ಟ್ನಿಯ ರಾಯಭಾರದ ಜೊತೆ ಅಧಿಕೃತ ಚಿತ್ರಕಾರನಾಗಿ ಚೀನಾಕ್ಕೆ ಹೋಗಿ, ಅಷ್ಟು ದೊಡ್ಡ ಪ್ರವಾಸದಿಂದ ಹೇಳಿಕೊಳ್ಳುವಂಥ ಕೆಲಸವನ್ನೇನೂ ತಾರದೆ ಬಂದವನು. ಮೈಸೂರು ಯುದ್ಧದ ಬಳಿಕ ಟಿಪ್ಪುವಿನ ಮಕ್ಕಳನ್ನು, ಪೂರ್ಣಯ್ಯನವರನ್ನು, ಕಂಪನಿಯ ಅಧಿಕಾರಿಗಳನ್ನು ಬರೆದ. 1816ರಲ್ಲಿ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿಯನ್ನು ಅವನ ಭಾರತೀಯ ಸಹಾಯಕರ ಜೊತೆ ನಿಲ್ಲಿಸಿ ಬರೆದ ಚಿತ್ರವನ್ನು ಕನ್ನಡದ ಇತಿಹಾಸ ಓದಿದವರು ಎಲ್ಲಾದರೂ ನೋಡಿಯೇ ಇರುತ್ತಾರೆ. ಅವನ ಶಕ್ತಿ ಇದ್ದದ್ದು ಮುಖಗಳಲ್ಲಿ. ಅಂಥವನ ಕೈಯಲ್ಲಿ ತೋಳೊಂದು ಚಿತ್ರದ ಕಥೆಯಾಯಿತು.

ಇದೇ ವಸ್ತುವನ್ನು ಕವಿಗಳು ಏನು ಮಾಡಿದರು ನೋಡಿ. ರಾಬರ್ಟ್ ಬ್ಲೂಮ್‌ಫೀಲ್ಡ್ ಹೊಲದ ಆಳಾಗಿ, ಚಮ್ಮಾರಿಕೆ ಮಾಡಿ, ಆಮೇಲೆ ಕವಿಯಾಗಿ ಹೆಸರು ಮಾಡಿದವನು. ಅವನ ತಂದೆ ಸಿಡುಬಿನಿಂದಲೇ ಸತ್ತಿದ್ದ. ಜೆನ್ನರನ ಬೆಂಬಲದಿಂದ ಅವನು 1804ರಲ್ಲಿ ಲಸಿಕೆಯ ಮೇಲೆ ಒಂದು ನೀಳ್ಗವಿತೆ ಪ್ರಕಟಿಸಿದ. ಅದರಲ್ಲಿ ಈಗಲೂ ಜೀವವಿರುವ ಭಾಗಗಳು ಎರಡು. ಆರಂಭದಲ್ಲಿ ಬರುವ, ಸಿಡುಬಿನಿಂದ ಕಣ್ಣು ಕಳೆದುಕೊಂಡ ಮುದ್ದಾದ ಹುಡುಗ. ಇನ್ನೊಂದು, ನಡುರಾತ್ರಿಯಲ್ಲಿ ತಂದೆಯನ್ನು ಮಣ್ಣು ಮಾಡಿದ ಪ್ರಸಂಗ. ಜೆನ್ನರನನ್ನು ಹೊಗಳುವ ಸಾಲುಗಳು ಬಂದ ಕೂಡಲೇ ಪದ್ಯ ಸರ್ಕಾರಿ ಭಾಷಣವಾಗುತ್ತದೆ. ಕೋಲ್‌ರಿಜ್ 1811ರಲ್ಲಿ ಲಸಿಕೆಯ ಬಗ್ಗೆ ಕಾವ್ಯ ಬರೆಯುವ ಆಸೆಯನ್ನು ಜೆನ್ನರನಿಗೆ ಪತ್ರದಲ್ಲಿ ತಿಳಿಸಿದ. ಬರೆಯಲಿಲ್ಲ, ಕೋಲ್‌ರಿಜ್‌ನ ಬರೆಯದ ಕಾವ್ಯಗಳ ಪಟ್ಟಿ ಬಹಳ ಉದ್ದ. ರಾಬರ್ಟ್ ಸೌದಿ 1825ರಲ್ಲಿ ಪರಾಗ್ವೆಯ ಕಥೆಯೊಂದನ್ನು ಕಾವ್ಯವಾಗಿಸಿದಾಗ ಜೆನ್ನರನನ್ನು ಹೆಸರು ಹಿಡಿದು ಕರೆದೇ ಶುರು ಮಾಡಿದ. ಆದರೆ ಕಥೆ ಮುಂದೆ ಸಾಗುವುದು ಸಿಡುಬು ಒಂದು ಬುಡಕಟ್ಟನ್ನೇ ನುಂಗಿಹಾಕಿದ್ದರಿಂದ.

ಮೂವರದೂ ಒಂದೇ ತೊಂದರೆ. ಬಂದ ರೋಗದಲ್ಲಿ ಕಥೆಯಿದೆ, ಬಾರದ ರೋಗದಲ್ಲಿ ಏನಿದೆ? ಲಸಿಕೆ ಯಶಸ್ವಿಯಾದರೆ ಆಗುವುದು ಇಷ್ಟೇ: ಮರುದಿನ ಬೆಳಗಾಗುತ್ತದೆ, ಮಗು ಎಂದಿನಂತೆ ಗಂಜಿ ಕುಡಿಯುತ್ತದೆ. ಇದರಿಂದ ಕವಿಗೇನು ಲಾಭ?

ಕಾದಂಬರಿಕಾರರು ಈ ತಂಟೆಗೇ ಹೋಗಲಿಲ್ಲ. ಅವರಿಗೆ ಬೇಕಾದದ್ದು ಮುಖ. ಡಿಕನ್ಸ್‌ನ ‘ಬ್ಲೀಕ್ ಹೌಸ್’ 1852–53ರಲ್ಲಿ ಕಂತುಕಂತಾಗಿ ಬಂತು. ಅದರಲ್ಲಿ ಬೀದಿ ಗುಡಿಸುವ ಅನಾಥ ಜೋ ಎಂಬ ಹುಡುಗನಿಂದ ಮನೆಗೆಲಸದ ಚಾರ್ಲಿಗೆ, ಅವಳಿಂದ ಕಥಾನಾಯಕಿ ಎಸ್ತರ್‌ಗೆ ಜ್ವರವೊಂದು ಅಂಟುತ್ತದೆ. ಡಿಕನ್ಸ್ ರೋಗದ ಹೆಸರು ಹೇಳುವುದಿಲ್ಲ, ಓದುಗರು ಅದನ್ನು ಸಿಡುಬೆಂದೇ ತಿಳಿದರು. ಎಸ್ತರ್ ಚೇತರಿಸಿಕೊಳ್ಳುತ್ತಾಳೆ. ಕೋಣೆಯಲ್ಲಿದ್ದ ಕನ್ನಡಿಗಳು ಮಾಯವಾಗಿರುವುದು ಅವಳ ಗಮನಕ್ಕೆ ಬರುತ್ತದೆ. ಯಾರೂ ಕಾರಣ ಹೇಳುವುದಿಲ್ಲ, ಅವಳೂ ಕೇಳುವುದಿಲ್ಲ. ಮುಂದೆ ಬೇರೊಂದು ಮನೆಯಲ್ಲಿ, ಮಸ್ಲಿನ್ ಪರದೆ ಇಳಿಬಿಟ್ಟ ಕನ್ನಡಿಯ ಮುಂದೆ ಒಬ್ಬಳೇ ನಿಂತು, ಪರದೆ ಸರಿಸಿ, ಮುಖದ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ತಳ್ಳಿ ನೋಡಿಕೊಳ್ಳುತ್ತಾಳೆ. ಆ ಮುಖದ ಕಲೆಗಳು ಹೇಗಿವೆ ಎಂದು ಡಿಕನ್ಸ್ ವರ್ಣಿಸುವುದೇ ಇಲ್ಲ. ಬದಲಿಗೆ, ಹಿಂದೆ ಅವಳ ಮುಂದೆ ಮಂಡಿಯೂರಿ ಮದುವೆಯಾಗೆಂದು ಬೇಡಿದ್ದ ಗಪ್ಪಿ ಎಂಬ ಗುಮಾಸ್ತನನ್ನು ಕರೆತರುತ್ತಾನೆ. ಅವಳು ಮುಸುಕು ತೆಗೆದದ್ದೇ ತಡ, ಗಪ್ಪಿ ತಡಬಡಿಸುತ್ತಾನೆ. ನಮ್ಮ ನಡುವೆ ಮದುವೆಯ ಮಾತು ಪಕ್ಕಾ ಆಗಿರಲಿಲ್ಲ ಅಲ್ಲವೇ ಎಂದು ಮತ್ತೆ ಮತ್ತೆ ಕೇಳಿ, ಸಾಕ್ಷಿಯ ಮುಂದೆ ಹೇಳಿಸಿಕೊಂಡು, ಸಮಾಧಾನವಾಗದೆ ಹೋದ ದಾರಿಯಲ್ಲೇ ಓಡಿಬಂದು ಇನ್ನೊಮ್ಮೆ ಖಾತರಿ ಮಾಡಿಕೊಳ್ಳುತ್ತಾನೆ. ಸಿಡುಬಿನ ಕಲೆಗೆ ಇದಕ್ಕಿಂತ ಕ್ರೂರವಾದ, ಇದಕ್ಕಿಂತ ನಗೆ ತರಿಸುವ ಕನ್ನಡಿ ನಾನು ಬೇರೆಲ್ಲೂ ಓದಿಲ್ಲ.

ಆ ಕಾದಂಬರಿಯ ಕೊನೆಯ ಕಂತು ಬಂದ 1853ರಲ್ಲೇ ಇಂಗ್ಲೆಂಡಿನಲ್ಲಿ ಶಿಶುಗಳಿಗೆ ಲಸಿಕೆಯನ್ನು ಕಡ್ಡಾಯ ಮಾಡುವ ಕಾನೂನು ಬಂತು. ಆದರೆ ಕಾದಂಬರಿಯಲ್ಲಿ ಲಸಿಕೆಯ ಸುಳಿವಿಲ್ಲ. ಎಸ್ತರ್‌ಗೆ ಲಸಿಕೆ ಹಾಕಿಸಿದ್ದರೆ ಡಿಕನ್ಸ್‌ನ ಕಥೆಯ ಅರ್ಧ ಕಟ್ಟಡ ಕುಸಿಯುತ್ತಿತ್ತು. ಅದೇ ಹೊತ್ತಿಗೆ, 1852ರಲ್ಲಿ ಬಂದ ಥ್ಯಾಕರೆಯ ‘ಹೆನ್ರಿ ಎಸ್ಮಂಡ್’ ಕಾದಂಬರಿಯಲ್ಲಿ ಒಡತಿಯ ಚೆಲುವನ್ನು ಸಿಡುಬು ಕಸಿದುಕೊಳ್ಳುತ್ತದೆ, ಗಂಡನ ಪ್ರೀತಿಯೂ ಅದರೊಂದಿಗೇ ಹೋಗುತ್ತದೆ. ಎಮಿಲ್ ಜೋಲಾನಂತೂ 1880ರ ‘ನಾನಾ’ದಲ್ಲಿ ಎಲ್ಲ ಸಂಕೋಚವನ್ನೂ ಬಿಟ್ಟ. ಪ್ಯಾರಿಸ್ಸನ್ನೇ ಬುಗುರಿಯಂತೆ ಆಡಿಸಿದ ಹೆಣ್ಣು 1870ರಲ್ಲಿ ಹೋಟೆಲಿನ ಕೋಣೆಯಲ್ಲಿ ಸಿಡುಬಿನಿಂದ ಸತ್ತುಬಿದ್ದಿದ್ದಾಳೆ. ಕೊಳೆತ ಮುಖದ ಸುತ್ತ ಹೊಂಗೂದಲು ಮಾತ್ರ ಇನ್ನೂ ಹೊಳೆಯುತ್ತಿದೆ. ಕಿಟಕಿಯ ಕೆಳಗೆ ಜನ ಬರ್ಲಿನ್ನಿಗೆ, ಬರ್ಲಿನ್ನಿಗೆ ಎಂದು ಯುದ್ಧದ ಕೂಗು ಹಾಕುತ್ತಿದ್ದಾರೆ. ಓದುವಾಗ ಕೈ ನಡುಗುತ್ತದೆ ನಿಜ. ಆದರೆ ಒಂದು ಹೆಣ್ಣಿನ ಮುಖವನ್ನು ಇಡೀ ಸಾಮ್ರಾಜ್ಯದ ಪಾಪದ ಚೀಟಿಯನ್ನಾಗಿ ಮಾಡಿದ್ದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೂರು ಕಾದಂಬರಿಗಳಲ್ಲೂ ಸಿಡುಬು ಕೆಡಿಸುವುದು ಹೆಣ್ಣಿನ ಮುಖವನ್ನೇ. ಗಂಡಸರಿಗೂ ಬರುತ್ತಿತ್ತು, ಅವರ ಮುಖದ ಕುಳಿಗಳಿಂದ ಕಥೆಗೆ ತಿರುವು ಸಿಗುತ್ತಿರಲಿಲ್ಲ ಅಷ್ಟೇ.

ಶತಮಾನದ ಕೊನೆಯಲ್ಲಿ ಲಸಿಕೆಯನ್ನೇ ವಸ್ತುವಾಗಿಸಿಕೊಂಡ ಕಲಾವಿದರು ಇಲ್ಲದಿಲ್ಲ. ಇಟಲಿಯ ಜೂಲಿಯೊ ಮಾಂಟೆವೆರ್ಡೆ 1873ರಲ್ಲಿ ಜೆನ್ನರ್ ತನ್ನ ಮಗುವಿಗೆ ಚುಚ್ಚುತ್ತಿರುವ ಶಿಲ್ಪ ಮಾಡಿದ. ತೊಡೆಯ ಮೇಲೆ ಕೊಸರಾಡುವ ಮಗು, ಬಾಗಿ ಉಸಿರು ಬಿಗಿಹಿಡಿದ ತಂದೆ. 1879ರಲ್ಲಿ ಫ್ರಾನ್ಸಿನ ಗಾಸ್ತೋಂ ಮೆಲಾಂಗ್ ಜೇಮ್ಸ್ ಫಿಪ್ಸ್‌ನ ತೋಳಿನ ಪ್ರಸಂಗವನ್ನು ಚಿತ್ರಿಸಿದ. ಒಳ್ಳೆಯ ಕೆಲಸಗಳೇ. ಆದರೆ ಎರಡರಲ್ಲೂ ನಾಯಕ ಜೆನ್ನರ್, ಮಗು ಸಲಕರಣೆ. ಫಿಪ್ಸ್‌ಗೆ ಜೆನ್ನರ್ ಮುಂದೆ ಬರ್ಕ್ಲಿಯಲ್ಲಿ ಒಂದು ಮನೆ ಕೊಟ್ಟ ಎಂಬುದನ್ನಾದರೂ ಇಲ್ಲಿ ಹೇಳಿಬಿಡಬೇಕು. 1823ರಲ್ಲಿ ಜೆನ್ನರ್ ಸತ್ತಾಗ ಫಿಪ್ಸ್ ಅಂತ್ಯಕ್ರಿಯೆಗೆ ಬಂದಿದ್ದ.

ಚಾನ್ಸಲರ್ ಅವರ ವ್ಯಾಖ್ಯಾನದಲ್ಲಿ ನನಗೆ ಒಂದೇ ಒಂದು ತಕರಾರು. ಎಡಬದಿಯ ಹಿರಿಯ ರಾಣಿಯ ಮೂಗಿನ ಕೆಳಗೂ ಬಾಯಿಯ ಸುತ್ತಲೂ ಬಣ್ಣ ಕೊಂಚ ಮಸುಕಾಗಿದೆ. ಅದು ಹಕ್ಕಳೆಯ ಪುಡಿಯನ್ನು ಮೂಗಿಗೆ ಊದಿಸಿಕೊಂಡ ಹಳೆಯ ಪದ್ಧತಿಯ ಗುರುತು, ಹಾಗಾಗಿ ಈ ಚಿತ್ರ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿ ಇಟ್ಟು ತೋರಿಸುತ್ತದೆ ಎನ್ನುತ್ತಾರೆ ಅವರು. ವಾದ ಸೊಗಸಾಗಿದೆ. ಸೊಗಸು ಹೆಚ್ಚಾಯಿತೇನೋ. ಇನ್ನೂರು ವರ್ಷದ ತೈಲವರ್ಣದಲ್ಲಿ ಮೂಗಿನ ಕೆಳಗಿನ ಮಸುಕು ನೆರಳಾಗಿರಬಹುದು, ವಾರ್ನಿಷ್ ಆಗಿರಬಹುದು, ಹಿಕಿಯ ಅವಸರವೂ ಆಗಿರಬಹುದು. ತೋಳಿನ ಮಾತು ಹಾಗಲ್ಲ. ಬೆರಳು ತಾನಾಗಿಯೇ ತೋರುವುದಿಲ್ಲ, ಯಾರೋ ತೋರಿಸಿರಬೇಕು. 2007ರಲ್ಲಿ ಸದಬೀಸ್ ಹರಾಜಿಗೆ ಇದು ಬಂದಾಗ ನಾಲ್ಕರಿಂದ ಆರು ಲಕ್ಷ ಪೌಂಡುಗಳ ಬೆಲೆ ಅಂದಾಜಿಸಿದ್ದರು. ಅಷ್ಟು ಹಣಕ್ಕೆ ಇದನ್ನು ಮೈಸೂರಿಗೆ ತರಿಸಿಕೊಂಡಿದ್ದರೆ ದಸರೆಯ ಒಂದು ದಿನದ ದೀಪಾಲಂಕಾರ ಕಡಿಮೆಯಾಗುತ್ತಿತ್ತೇನೋ.

ನಮ್ಮ ಹಿಂದಿನ ತಲೆಮಾರಿನ ಮುದುಕಿಯರ ರೆಟ್ಟೆಯ ಮೇಲೆ ದುಂಡಗಿನ ಕಲೆಗಳಿರುತ್ತಿದ್ದವು. ದೇವಿ ಹಾಕುವವರು ಊರಿಗೆ ಬಂದರೆಂದರೆ ಮಕ್ಕಳು ಅಟ್ಟ ಹತ್ತುತ್ತಿದ್ದದ್ದು, ಬಣವೆಯ ಹಿಂದೆ ಅಡಗುತ್ತಿದ್ದದ್ದು ಅವರು ನಗುನಗುತ್ತಾ ಹೇಳುತ್ತಿದ್ದ ಕಥೆ. ಬೆಳಗಾವಿಯಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆಯೇ ನೆಲೆಯೂರಿತ್ತು. ಹೀಗೆ ಊರೂರು ಅಲೆದು ಚುಚ್ಚಿದವರ ಸಾಲಿನಲ್ಲಿ, ನಮ್ಮ ಸೀಮೆಯ ಮಟ್ಟಿಗೆ ಮೊದಲಿಗರಲ್ಲಿ ಒಬ್ಬ ಫ್ರೆಂಚ್ ಪಾದ್ರಿಯಿದ್ದ. ಶ್ರೀರಂಗಪಟ್ಟಣದ ಪತನದ ಬಳಿಕ ಮೈಸೂರು ಸೀಮೆಗೆ ಬಂದ ಅಬೆ ದ್ಯುಬುವಾ, ಕಾವಿ ತೊಟ್ಟು ಇಲ್ಲಿಯವರಂತೆಯೇ ಬದುಕುತ್ತಾ ಸಾವಿರಾರು ಜನರಿಗೆ ಲಸಿಕೆ ಹಾಕಿದ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನು ಬರೆದ ದೊಡ್ಡ ಪುಸ್ತಕದ ಹಸ್ತಪ್ರತಿಯನ್ನು ವಿಲ್ಕ್ಸ್‌ನ ಶಿಫಾರಸಿನ ಮೇಲೆ ಕಂಪನಿ 1807ರಲ್ಲಿ ಎರಡು ಸಾವಿರ ವರಹಗಳಿಗೆ ಕೊಂಡಿತು. ಅದರಲ್ಲಿ ಬಹುಪಾಲು ಹಿಂದಿನ ತಲೆಮಾರಿನ ಜೆಸ್ವಿಟ್ ಪಾದ್ರಿ ಕೇರ್ದು ಬರೆದಿಟ್ಟ ಟಿಪ್ಪಣಿಗಳಿಂದ ಎತ್ತಿದ್ದು ಎಂದು ಇಪ್ಪತ್ತನೆಯ ಶತಮಾನದಲ್ಲಿ ಸಿಲ್ವಿಯಾ ಮುರ್ ತೋರಿಸಿಕೊಟ್ಟರು. ಪುಸ್ತಕ ಎರವಲು, ಚುಚ್ಚಿದ ಸೂಜಿ ಸ್ವಂತದ್ದು.

ಸಾಹಿತ್ಯವನ್ನೇ ಔಷಧಿಯ ಅನುಪಾನ ಮಾಡಿಕೊಂಡವನು ಮಾತ್ರ ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್. ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ಬೇರೆಯೇ ಒಂದು ಕುಟುಂಬ ಎಂದು 1816ರಲ್ಲೇ, ಈ ಮಾತಿಗೆ ಹೆಸರಾದ ಕಾಲ್ಡ್‌ವೆಲ್‌ಗಿಂತ 40 ವರ್ಷ ಮೊದಲು, ಸಾಧಿಸಿ ತೋರಿಸಿದ ವಿದ್ವಾಂಸ ಇವನೇ. ಜನ ಲಸಿಕೆಯನ್ನು ಒಪ್ಪಿಕೊಳ್ಳಲಿ ಎಂದು ಎಲ್ಲಿಸ್ ತಮಿಳಿನಲ್ಲಿ ಒಂದು ಪುರಾಣವನ್ನೇ ಹೊಸೆದ. ಶಕ್ತಿದೇವಿಯೂ ಧನ್ವಂತರಿಯೂ ಸಂವಾದ ನಡೆಸುತ್ತಾರೆ; ಗೋವಿನಿಂದ ಬಂದ ಈ ಸೌಮ್ಯ ಸಿಡುಬು ದೇವಿಯದೇ ವರ ಎಂದಾಗುತ್ತದೆ. ರೋಗ ಕೊಡುವವಳೂ ಅವಳೇ, ಅದರಿಂದ ಕಾಯುವವಳೂ ಅವಳೇ. ಬಾರದ ಬೇನೆಗೆ ಕಥೆ ಕಟ್ಟಲು ಆಂಗ್ಲ ಕವಿಗಳಿಗೆ ದಕ್ಕದ ದಾರಿ ಇವನಿಗೆ ಪುರಾಣದಲ್ಲಿ ಸಿಕ್ಕಿತು.

1819ರ ಜನವರಿಯಲ್ಲಿ ‘ಮದ್ರಾಸ್ ಕೊರಿಯರ್’ ಪತ್ರಿಕೆಯಲ್ಲಿ ಒಂದು ಕಾಗದ ಪ್ರಕಟವಾಯಿತು. ಬರೆದವರ ಹೆಸರು ‘ಕಲ್ವಿ ವಿರುಂಬೋನ್’ ಎಂಬ ತಮಿಳು ಗುಪ್ತನಾಮ. ಹಸುವಿನ ಕೆಚ್ಚಲಿನ ಅಥವಾ ಮನುಷ್ಯರ ತೋಳಿನ ಗುಳ್ಳೆಯ ರಸವನ್ನು ಚೂರಿಯ ಮೊನೆಯಲ್ಲಿ ತೆಗೆದು ಚುಚ್ಚುವ ವಿಧಾನ ಧನ್ವಂತರಿಯ ಸಂಸ್ಕೃತ ಗ್ರಂಥವೊಂದರಲ್ಲಿ ಇದೆಯೆಂದು ಅದರ ಸಾರಾಂಶ. ಜೆನ್ನರನ ವಿಧಾನದ ಪಡಿಯಚ್ಚು. ಅನುಮಾನ ಎಲ್ಲಿಸ್‌ನ ವಲಯದ ಕಡೆಗೇ ತಿರುಗುತ್ತದೆ. ಅದೇ ವರ್ಷದ ಮಾರ್ಚಿನಲ್ಲಿ ಎಲ್ಲಿಸ್ ರಾಮನಾಡಿನಲ್ಲಿ, ಔಷಧಿಯೆಂದು ತಪ್ಪಾಗಿ ವಿಷ ಕುಡಿದು ತೀರಿಕೊಂಡ. ಕಾಗದ ಮಾತ್ರ ಬದುಕಿತು. ಯುರೋಪಿನ ವೈದ್ಯಕೀಯ ಗ್ರಂಥಗಳು ಅದನ್ನು ನಂಬಿ ಅಚ್ಚು ಹಾಕಿದವು. 1905ರಲ್ಲಿ ಮದರಾಸಿನ ಗವರ್ನರ್ ಲಾರ್ಡ್ ಆಂಪ್ಟ್‌ಹಿಲ್ ತಮ್ಮ ಭಾಷಣದಲ್ಲಿ ಆ ಮಾತನ್ನೇ ಎತ್ತಿದರು. ಅಂಥ ಗ್ರಂಥವೇ ಇಲ್ಲ, ಇದೊಂದು ಸದುದ್ದೇಶದ ವಂಚನೆ ಎಂದು ಡೊಮಿನಿಕ್ ವುಯಾಸ್ಟಿಕ್ 1987ರಲ್ಲಿ ಎಳೆ ಎಳೆಯಾಗಿ ಬಿಡಿಸಿ ತೋರಿಸಿದರು. ಕೊರೊನಾ ವರ್ಷಗಳಲ್ಲಿ ಅದೇ ಕಾಗದದ ತಿರುಳು ಹೊಸ ಬಟ್ಟೆ ತೊಟ್ಟು ನನ್ನ ಮೊಬೈಲಿಗೂ ಬಂತು, ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತು ಎಂಬ ಒಕ್ಕಣೆಯೊಂದಿಗೆ. ಜನರು ತೋಳು ಒಡ್ಡಲೆಂದೇ ಹುಟ್ಟಿಸಿದ್ದ ಸುಳ್ಳು ಅದು. ಕಳುಹಿಸಿದವರು ನಮ್ಮ ಹತ್ತಿರದ ಬಂಧುಗಳು. ಎರಡನೆಯ ಡೋಸ್‌ಗೆ ಕರೆ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡವರು.